ಶ್ರುತಿ ಸೇರಿದ ಗುರುವಾರ

ಪ್ರತಿಯೊಬ್ಬ ಮನುಷ್ಯನೊಳಗೂ ಒಬ್ಬ ಕಲಾವಿದ ಮಲಗಿರುತ್ತಾನೆ, ಅವನನ್ನು ಎಬ್ಬಿಸಬೇಕು ಎಂದು ಭಾಷಣಕಾರರು ಹೇಳುವುದನ್ನು ನೀವೂ ಕೇಳಿರಬಹುದು. ಎದ್ದವನನ್ನು ಮತ್ತೆ ಮಲಗಿಸುವುದು ಹೇಗೆ ಎಂದು ಮಾತ್ರ ಅವರಲ್ಲಿ ಯಾರೂ ಹೇಳುವುದಿಲ್ಲ. ನನ್ನೊಳಗಿನವನು ಎದ್ದದ್ದು ನನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಕುಷ್ಟಗಿಯ ಒಂದು ಬಾಡಿಗೆ ಮನೆಯಲ್ಲಿ. ಅವನಿಂದಾಗಿ ಆ ಮನೆಯನ್ನೇ ಕಳೆದುಕೊಳ್ಳುವವನಿದ್ದೆ.

ನಾನಾಗ ಅಲ್ಲಿ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ನಮ್ಮ ಓಣಿಯಲ್ಲಿದ್ದ ಕರಾವಳಿ ಕಡೆಯ ಬ್ಯಾಂಕ್ ಅಧಿಕಾರಿಯೊಬ್ಬರಿಗೆ ವರ್ಗವಾಯಿತು. ಅವರ ಹತ್ತಿರ ಒಂದು ಗಿಟಾರ್ ಇತ್ತು. ಬಸ್ಸಿನ ಮೇಲೆ ಹಾಕಿದರೆ ಒಡೆಯುತ್ತದೆ, ಒಳಗೆ ಹಿಡಿದುಕೊಂಡು ಕೂತರೆ ಪಕ್ಕದವರ ಕಣ್ಣಿಗೆ ಚುಚ್ಚುತ್ತದೆ ಎಂದು ಅದನ್ನೂ, ಅದರ ಜೊತೆಗಿದ್ದ ಇಂಗ್ಲಿಷ್ ಕೈಪಿಡಿಯನ್ನೂ ನನಗೆ ಕೊಟ್ಟು, ದಿನಾ ಒಂದು ತಾಸು ಕೂತರೆ ಮೂರು ತಿಂಗಳಲ್ಲಿ ಬರುತ್ತದೆ ಎಂದು ಹರಸಿ ಹೋದರು. ನಾನು ಕೊಪ್ಪಳದಲ್ಲಿ ಓದುವಾಗ ಕಾಲೇಜಿನ ಕಾರ್ಯಕ್ರಮದಲ್ಲಿ ಒಬ್ಬ ಗಿಟಾರ್ ಹಿಡಿದು ನಿಂತಿದ್ದ. ಅವನು ಇನ್ನೂ ತಂತಿ ಮುಟ್ಟಿರಲಿಲ್ಲ, ಸಭೆಯೆಲ್ಲ ಉಸಿರು ಬಿಗಿಹಿಡಿದಿತ್ತು. ಅವತ್ತು ನನ್ನ ಪಾಲಿಗೆ ಬಂದದ್ದು ಕುರ್ಚಿ ಹಾಕುವ ಕೆಲಸ. ಆ ಕುರ್ಚಿಗಳ ಭಾರ ಇನ್ನೂ ನನ್ನ ತೋಳಿನಲ್ಲಿತ್ತು ಎಂದು ಕಾಣುತ್ತದೆ. ಗಿಟಾರನ್ನು ಎರಡೂ ಕೈಯಿಂದ ಬಾಚಿಕೊಂಡೆ.

ಕೈಪಿಡಿಯಲ್ಲಿ ಯಾವ ಬೆರಳನ್ನು ಎಲ್ಲಿ ಒತ್ತಬೇಕು ಎಂದು ಚುಕ್ಕೆ ಇಟ್ಟು ತೋರಿಸಿದ್ದರು. ಚುಕ್ಕೆ ನನಗೆ ಅರ್ಥವಾಗುತ್ತಿತ್ತು. ಅದಕ್ಕೂ ಮೊದಲು ನಾಲ್ಕು ಪುಟ ತಂತಿ ಬಿಗಿಯುವುದರ ಬಗ್ಗೆ ಏನೋ ಬರೆದಿತ್ತು. ಯಾವ ಪುಸ್ತಕದ ಮುನ್ನುಡಿಯನ್ನೂ ಓದಿದವನಲ್ಲ ನಾನು. ಅದನ್ನೂ ಹಾಗೇ ದಾಟಿಸಿಬಿಟ್ಟೆ. ದಿನಾ ಸಂಜೆ ಕಚೇರಿಯಿಂದ ಬಂದು, ಚಹಾ ಕುಡಿದು, ಕೋಣೆಯ ಮೂಲೆಯಲ್ಲಿ ಕೂತು ಚುಕ್ಕೆಗಳ ಪ್ರಕಾರ ಒತ್ತತೊಡಗಿದೆ. ಒತ್ತಲು ಅಡ್ಡವಾಗುತ್ತಿದ್ದ ಎಡಗೈ ಉಗುರುಗಳನ್ನು ಬುಡದವರೆಗೆ ಕತ್ತರಿಸಿಕೊಂಡೆ. ಎಡಗೈ ಬೆರಳ ತುದಿಗಳು ಮೊದಲು ಕೆಂಪಾದವು, ಆಮೇಲೆ ಬೊಬ್ಬೆ ಎದ್ದವು. ಬಿಸಿ ಹಂಚು ಮುಟ್ಟಿದಿರೇನು ಎಂದು ಕಚೇರಿಯಲ್ಲಿ ಸಾಹೇಬರು ಕೇಳಿದರು. ಗಿಟಾರ್ ಎಂದು ನಾನು ಸ್ವಲ್ಪ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದೆ.

ಹೆಂಡತಿ ಗಿರಿಜಾ ಮೊದಲ ವಾರ ಎದುರಿಗೇ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಎರಡನೆಯ ವಾರ ಮೊರವನ್ನು ಅಡುಗೆಮನೆಗೆ ಒಯ್ದಳು, ಮೂರನೆಯ ವಾರ ಹಿತ್ತಲಿಗೆ. ಆರು ವಾರ ಕಳೆದ ಮೇಲೆ ಒಂದು ಸಂಜೆ ಬಾಗಿಲಲ್ಲಿ ನಿಂತು, ಯಾವ ಕುಹಕವೂ ಇಲ್ಲದೆ, ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದಳು: "ರೀ, ಇದು ಹಾಡು ಆಗೂದು ಯಾವಾಗ?" ಕೈಪಿಡಿಯಲ್ಲಿ ಅದು ಇನ್ನೂ ಹದಿನೈದು ಪುಟ ಮುಂದಿದೆ ಎಂದೆ.

ಇಷ್ಟರಲ್ಲಿ ಒಂದು ದಿಗಿಲು ಹತ್ತಿಕೊಂಡಿತು. ನಮ್ಮ ಎರಡು ಕೋಣೆಗೂ ಮನೆಯೊಡತಿ ಶಾಂತಮ್ಮನವರ ಪಡಸಾಲೆಗೂ ನಡುವೆ ಒಂದೇ ಗೋಡೆ. ಅವರ ಅಕ್ಕನ ಗಂಡ ನಿಂಗಪ್ಪನವರು ಯಲಬುರ್ಗಾ ಕಡೆಯಿಂದ ಬಂದು ಆ ಪಡಸಾಲೆಯಲ್ಲಿ ಇಳಿದುಕೊಂಡಿದ್ದರು. ನಾನು ಬಾರಿಸಲು ಕೂತ ಕೂಡಲೇ ಆ ಕಡೆಯಿಂದ ಕೆಮ್ಮು ಶುರುವಾಗುತ್ತಿತ್ತು. ಒಂದು ಸೋಮವಾರ ನಿಂಗಪ್ಪನವರು ಗಂಟು ಕಟ್ಟಿಕೊಂಡು ಹೊರಟೇಹೋದರು. ಶಾಂತಮ್ಮನವರ ನೆಂಟರನ್ನು ಓಡಿಸಿದವನು ನಾನೇ ಎನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಗಿರಿಜಾಳಿಗೆ ಆಗ ಏಳು ತಿಂಗಳು. ಅಂಗಳದಲ್ಲೇ ನಲ್ಲಿ ಇರುವ ಇಂಥ ಇನ್ನೊಂದು ಮನೆ ಕುಷ್ಟಗಿಯಲ್ಲಿ ಸಿಗುವ ಹಾಗಿರಲಿಲ್ಲ. ಗಿಟಾರನ್ನು ಜೋಳದ ಚೀಲದ ಹಿಂದೆ ಮುಚ್ಚಿಟ್ಟು, ಏನೆಂದು ಕ್ಷಮೆ ಕೇಳಲಿ ಎಂದು ಯೋಚಿಸುತ್ತಿರುವಾಗಲೇ ಶಾಂತಮ್ಮನವರು ಬಂದರು. ಕೈಯಲ್ಲಿ ತಾಟು, ತಾಟಿನಲ್ಲಿ ಶೇಂಗಾ ಹೋಳಿಗೆ.

"ತಮ್ಮಾ, ಎರಡ ದಿನಕ್ಕಂತ ಬಂದ ಭಾವ ಎರಡ ತಿಂಗಳ ಕುಂತಿದ್ರು. ಹೋಗ್ರಿ ಅನ್ನಾಕ ನಮಗ ಬಾಯಿ ಬರಲಿಲ್ಲ. ನಿಮ್ಮ ಆ ಪೆಟಗಿ ಕಳಿಸ್ತು ನೋಡ್ರಿ" ಎಂದರು.

ಅರ್ಧ ಹೋಳಿಗೆ ತಿನ್ನುವವರೆಗೆ ನನಗೆ ಬರೀ ನೆಮ್ಮದಿ. ಉಳಿದರ್ಧ ತಿನ್ನುವಾಗ ಆ ಮಾತಿನ ಅರ್ಥ ಒಳಗಿಳಿಯಿತು. ಶಾಂತಮ್ಮನವರ ಮಾತು ಇನ್ನೂ ಮುಗಿದಿರಲಿಲ್ಲ. ಭಾವನವರು ಛತ್ರಿ ಮರೆತು ಹೋಗಿದ್ದಾರೆ, ಗುರುವಾರ ಒಯ್ಯಲು ಬರುತ್ತಾರೆ, ಅವತ್ತು ಸಂಜೆ ಒಂದು ತಾಸು ಜೋರಾಗಿ ಬಾರಿಸಬೇಕು ಎಂದು ಕೇಳಿಕೊಂಡರು. ಕಲಾವಿದನಿಗೆ ಬಂದ ಮೊದಲ ಆಹ್ವಾನ. ನಾನು ಒಪ್ಪಿಕೊಂಡೆ.

ಒಪ್ಪಿಕೊಂಡೆ, ಸರಿ, ಆದರೆ ಅಭಿಮಾನ ಸುಮ್ಮನೆ ಬಿಡುತ್ತದೆಯೇ? ಬುಧವಾರ ಸಂಜೆ ಗಿಟಾರ್ ಹೆಗಲಿಗೇರಿಸಿ, ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವ ವೀರಯ್ಯ ಮಾಸ್ತರ ಮನೆಗೆ ಹೋದೆ. ಅವರು ಗಿಟಾರನ್ನು ಕಂಡದ್ದು ಅದೇ ಮೊದಲು. ಒಂದೊಂದೇ ತಂತಿಯನ್ನು ಮೀಟಿ, ಕಣ್ಣು ಮುಚ್ಚಿ ಕೇಳಿ, ವೈದ್ಯರು ನಾಡಿ ಬಿಡುವ ಹಾಗೆ ಬಿಟ್ಟರು.

"ಇವು ಒಂದಕ್ಕೊಂದು ಮಾತ ಬಿಟ್ಟಾವ್ರಿ" ಎಂದರು. "ಮೊದಲ ಇವನ್ನ ಮಾತಾಡಿಸಬೇಕು."

ಹಾರ್ಮೋನಿಯಂ ಎಳೆದುಕೊಂಡು, ಷಡ್ಜ ಪಂಚಮ ಎನ್ನುತ್ತ ತಂತಿ ಬಿಗಿಯುವ ಆರೂ ಕಿವಿ ಹಿಂಡಿದರು. ಆರು ವಾರ ನಾನು ಪಟ್ಟ ಕಷ್ಟಕ್ಕೂ ಗಿಟಾರಿಗೂ ಯಾವ ಸಂಬಂಧವೂ ಇರಲಿಲ್ಲ ಎಂಬುದು ಆಗ ಗೊತ್ತಾಯಿತು. ಎಲ್ಲಿಯೂ ಒತ್ತಬೇಡಿ, ಸುಮ್ಮನೆ ಮೇಲಿನಿಂದ ಕೆಳಕ್ಕೆ ಮೀಟಿ ಎಂದು ಹೇಳಿಕೊಟ್ಟರು. ಮೀಟಿದೆ. ಆ ನಾದ ನನ್ನ ಕೈಯಿಂದ ಬಂತೆಂದು ನಂಬಲಿಕ್ಕೆ ಆಗಲಿಲ್ಲ. ಬರುವಾಗ ದಾರಿಯಲ್ಲಿ ನಿಂತು ಮತ್ತೊಮ್ಮೆ ಮೀಟಿ ಖಾತ್ರಿ ಮಾಡಿಕೊಂಡೆ.

ಗುರುವಾರ ನಿಂಗಪ್ಪನವರು ಬಂದು ಛತ್ರಿ ಕೈಗೆತ್ತಿಕೊಂಡ ಸುದ್ದಿ ಗಿರಿಜಾ ತಂದಳು. ಮಾಸ್ತರು ಹೇಳಿಕೊಟ್ಟ ಹಾಗೆ, ಎಲ್ಲಿಯೂ ಒತ್ತದೆ ಮೀಟಲು ಶುರು ಮಾಡಿದೆ. ಗೋಡೆಯಾಚೆ ಕೆಮ್ಮು ಬರಲಿಲ್ಲ. ಸ್ವಲ್ಪ ಹೊತ್ತಿಗೆ ನಿಂಗಪ್ಪನವರೇ ನಮ್ಮ ಬಾಗಿಲಿಗೆ ಬಂದು, ಹೊಸ್ತಿಲ ಹೊರಗೆ ಛತ್ರಿ ಒರಗಿಸಿ, ನೆಲದ ಮೇಲೆ ಕೂತು ಕಣ್ಣು ಮುಚ್ಚಿದರು. ನಾನು ಬೆರಗಾಗಿ ಬಾರಿಸುತ್ತಲೇ ಹೋದೆ. ಮುಗಿದ ಮೇಲೆ ಅವರು ತಲೆದೂಗಿ, "ಭಾಳ ಛಲೋ ಆತ್ರಿ. ಇನ್ನ ಎಂಟ್ಹತ್ತ ದಿನ ಇದ್ದು ಕೇಳೇ ಹೋಗ್ತೀನಿ" ಎಂದರು.

ಅವರ ಬೆನ್ನ ಹಿಂದೆ ಶಾಂತಮ್ಮನವರು ನಿಂತಿದ್ದರು. ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ನನ್ನನ್ನು ನಿಲ್ಲಿಸಿ, ಮೆಲ್ಲಗೆ ಹೇಳಿದರು: "ಭಾವ ಇಲ್ಲೇ ಇರೂದಾದರ ಅವರಿಗೊಂದು ಖೋಲಿ ಬೇಕಾಗತೈತಿ, ತಮ್ಮಾ. ನಿಮ್ಮದ ಬಿಟ್ಟ ಕೊಡಬೇಕಾಗತೈತಿ."

ಒಳಗೆ ಬಂದೆ. ಗಿರಿಜಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಿಟಾರನ್ನು ತಂದು ನನ್ನ ತೊಡೆಯ ಮೇಲಿಟ್ಟಳು. "ಮೊದಲಿನಂಗ ಮಾಡ್ರಿ" ಎಂದಳು.

ಮಾಸ್ತರು ಬಿಗಿದ ಆರೂ ಕಿವಿಗಳನ್ನು ಮನಸ್ಸಿಗೆ ಬಂದಂತೆ ತಿರುವಿದೆ. ಕೈಪಿಡಿಯ ಚುಕ್ಕೆಗಳನ್ನು ಒಂದೂ ಬಿಡದೆ ಒತ್ತಿದೆ. ನಿಂಗಪ್ಪನವರು ಆಸೆಯಿಂದ ಬಂದು ಕೂತರು. ಒಂದು ನಿಮಿಷಕ್ಕೆ ಕಣ್ಣು ತೆರೆದರು. ಎರಡನೆಯ ನಿಮಿಷಕ್ಕೆ, ಇವತ್ತು ಕೈ ಸರಿ ಇಲ್ಲವೇ ಎಂದು ಕನಿಕರದಿಂದ ಕೇಳಿದರು. ನಾನು ಪುಟ ತಿರುವಿದೆ. ಹತ್ತು ಗಂಟೆಯ ಯಲಬುರ್ಗಾ ಬಸ್ಸಿಗೆ ಅವರೂ ಹೋದರು, ಛತ್ರಿಯೂ ಹೋಯಿತು. ನನ್ನ ಬಾಳಿನಲ್ಲಿ ನನ್ನ ವಾದನವನ್ನು ಕಣ್ಣು ಮುಚ್ಚಿ ಕೇಳಿದ ಒಬ್ಬನೇ ಒಬ್ಬ ರಸಿಕನನ್ನು ನಾನೇ ನನ್ನ ಕೈಯಾರೆ ಬಸ್ಸು ಹತ್ತಿಸಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ ನನಗೆ ದುಃಖವಾಗಬೇಕಿತ್ತು. ಆದರೆ ಮನಸ್ಸು ಎಷ್ಟು ಹಗುರವಾಗಿತ್ತೆಂದರೆ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಭಾನುವಾರ ಗಿಟಾರನ್ನು ವೀರಯ್ಯ ಮಾಸ್ತರಿಗೆ ಕೊಟ್ಟುಬಂದೆ. ತಿಂಗಳೊಳಗೆ ಬೆರಳ ತುದಿಗಳು ಮೆತ್ತಗಾದವು, ಮೊರ ಹಿತ್ತಲಿನಿಂದ ಕೋಣೆಗೆ ಬಂತು. ಎಡಗೈ ಉಗುರನ್ನು ಮಾತ್ರ ನಾನು ಈಗಲೂ ಬುಡದವರೆಗೆ ಕತ್ತರಿಸುತ್ತೇನೆ. ಯಾಕೆಂದು ಗಿರಿಜಾ ಕೇಳಿದರೆ ಅಭ್ಯಾಸ ಎನ್ನುತ್ತೇನೆ. ಗಿಟಾರಿನಲ್ಲಿ ನನಗೆ ಸಿದ್ಧಿಸಿದ ಅಭ್ಯಾಸ ಅದೊಂದೇ.