ಯಾವ ನಾಕಾ?

ಗಡಿಯ ಮೇಲೆ ಮನೆ ಮಾಡಿದವರಿಗೆ ನಗಲು ಬೇರೆ ಏರ್ಪಾಡು ಬೇಕಿಲ್ಲ. ಒಂದು ಮಾತು ಆ ಕಡೆಯಿಂದ ಈ ಕಡೆಗೆ ದಾಟಿದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ.

ಎಂಬತ್ತರ ದಶಕದಲ್ಲಿ ಗೋವಾ–ಕರ್ನಾಟಕದ ನಡುವಿನ ದಟ್ಟ ಕಾಡಿನಲ್ಲಿ, ಗೋವಾ ಬದಿಯ ಒಂದು ಹಳ್ಳಿಯಲ್ಲಿ ನಾನು ಹತ್ತು ವರ್ಷ ಇದ್ದೆ. ನಮ್ಮ ಯಜಮಾನರು ಘಾಟ್ ರಸ್ತೆಯ ಗುತ್ತಿಗೆದಾರರ ಬಳಿ ಸೂಪರ್‌ವೈಸರ್. ಮಳೆಗಾಲದಲ್ಲಿ ಗುಡ್ಡ ರಸ್ತೆಗೆ ಇಳಿಯುತ್ತಿತ್ತು, ಬೇಸಿಗೆಯಲ್ಲಿ ಇವರು ಅದನ್ನು ಎತ್ತಿ ಪಕ್ಕಕ್ಕೆ ಹಾಕಿಸುತ್ತಿದ್ದರು. ಇಬ್ಬರಿಗೂ ಬೇಸರವಾದಂತೆ ಕಾಣಲಿಲ್ಲ. ಕೆಲಸದವರೆಲ್ಲ ವಿಜಾಪುರದ ಕಡೆಯ ಬಿಸಿಲಿನ ಜನ. ಮಧ್ಯಾಹ್ನವೂ ಕತ್ತಲೆ ಇರುವ ಕಾಡು, ಕಾಲಿಗೆ ಹತ್ತುವ ಜಿಗಣೆ, ಎರಡನ್ನೂ ಅಲ್ಲೇ ಮೊದಲು ಕಂಡವರು.

ಧಾರವಾಡದ ಬಿ.ಎ. ಒಂದನ್ನು ಕೈಯಲ್ಲಿ ಹಿಡಿದು ನಾನು ಸುಮ್ಮನೆ ಕೂತಿದ್ದೆ. ಪೋರ್ತುಗೀಸರ ಕಾಲದ ಪಾಳು ಸುಂಕದ ಮನೆಯ ಜಗಲಿಯಲ್ಲಿ ಆ ಕೆಲಸದವರ ಮಕ್ಕಳಿಗೆ ಕನ್ನಡ ಕಲಿಸತೊಡಗಿದೆ. ಕಲಿಸಿದ್ದು ನಾಲ್ಕು ಇಯತ್ತೆಗಳನ್ನು, ಮಾನ್ಯತೆ ಮಾತ್ರ ಇರಲಿಲ್ಲ. ದಾಖಲೆಯಿಲ್ಲದೆ ಐದಕ್ಕೆ ಯಾರೂ ಸೇರಿಸಿಕೊಳ್ಳುವುದಿಲ್ಲ. ನಮ್ಮ ಮೇಸ್ತ್ರಿಯ ಹಿರಿಮಗಳು ಆ ವರ್ಷ ನಾಲ್ಕು ಮುಗಿಸುವವಳು. ಸರ್ಕಾರ ನಮ್ಮ ಜಗಲಿಯನ್ನು ಶಾಲೆ ಅಂತ ಒಪ್ಪಿದರೆ ಮುಂದೆ ಪುಸ್ತಕ, ಇಲ್ಲದಿದ್ದರೆ ಅವ್ವನ ಹಿಂದೆ ಜಲ್ಲಿ ಬುಟ್ಟಿ. ಆ ಕಥೆ ಕೊನೆಗೆ. ಮೊದಲು ನನ್ನ ಫಜೀತಿ.

ಬಸ್ಸು

ನಾನು ಆ ಊರಿಗೆ ಹೊರಟ ಮೊದಲ ದಿನ. ಇಳಿಯಬೇಕಾದದ್ದು ತಪಾಸಣಾ ನಾಕಾದಲ್ಲಿ. ಕಂಡಕ್ಟರ್ ಬಂದು, "ಖಂಯ್?" ಅಂದ. ಎಲ್ಲಿಗೆ ಅಂತ. ಅಷ್ಟು ಕೊಂಕಣಿ ಕಲಿತೇ ಬಂದಿದ್ದೆ.

"ನಾಕಾ," ಅಂದೆ.

"ತಿಕೇಟ್ ನಾಕಾ?"

"ಹೌದ್ರಿ. ತಿಕೇಟ್. ನಾಕಾ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ನಿಂತಿತು. ಅವನು ಬಾಗಿಲು ತೋರಿಸಿದ. ಊರು ಇಷ್ಟು ಬೇಗ ಬಂತೇ ಅಂತ ಖುಷಿಯಿಂದ ಟ್ರಂಕು ಹಿಡಿದು ಇಳಿದೆ. ಸುತ್ತ ಮರ ಬಿಟ್ಟು ಏನೂ ಇಲ್ಲ. ಕಿಟಕಿಯಿಂದ ಒಬ್ಬ ಪುಣ್ಯಾತ್ಮ ಕೂಗಿ ಹೇಳಿದ: "ಅಕ್ಕಾರ, ಕೊಂಕಣಿಯೊಳಗ ನಾಕಾ ಅಂದ್ರ ಬ್ಯಾಡ ಅಂತ! ತಿಕೀಟ ಬ್ಯಾಡ ಅಂದ್ರಿ ನೀವು!"

ಮತ್ತೆ ಹತ್ತಿದೆ. ಕಂಡಕ್ಟರ್ ಸಮಾಧಾನವಾಗಿ ಇನ್ನೊಮ್ಮೆ ಕೇಳಿದ, "ಖಂಯ್?" ನಾನು ಬಾಯಿ ಬಿಡಲಿಲ್ಲ, ಬೆರಳು ಮುಂದಕ್ಕೆ ತೋರಿಸಿದೆ. ಹತ್ತು ವರ್ಷವೂ ಹಾಗೇ ತೋರಿಸಿದೆ.

ಪರದೇಶ

ನಮ್ಮ ಪಕ್ಕದ ಮನೆಯ ಕೊಂಕಣಿ ಅಜ್ಜಿಯ ಮಗಳನ್ನು ಕೊಟ್ಟದ್ದು ಹಳ್ಳದ ಆಚೆ, ಕರ್ನಾಟಕದಲ್ಲಿ. ಅಜ್ಜಿ ಹೊರಟರೆ ಇಸ್ತ್ರಿ ಮಾಡಿದ ಸೀರೆ, ತಲೆಗೆ ಅಬ್ಬಲಿಗೆ, ಕೈಯಲ್ಲಿ ರೇಷನ್ ಕಾರ್ಡು. ನಾಕಾದಲ್ಲಿ ಕಾರ್ಡು ಬಿಚ್ಚಿ ಹಿಡಿದು, "ಇಂಡಿಯಾಕ್ಕೆ ಹೋಗಿ ನಾಳೆ ಬರುತ್ತೇನೆ," ಅನ್ನುವಳು. ಪೋರ್ತುಗೀಸರಿದ್ದಾಗ ಅಲ್ಲಿಂದಾಚೆ ಖರೇನೇ ಪರದೇಶ. ಅಜ್ಜಿ ತಾನು ಮದುವೆಯಾಗಿ ಈ ಕಡೆಗೆ ಬಂದಾಗ ಗಂಟು ಮೂಟೆ ಬಿಚ್ಚಿಸಿ ಮುದ್ರೆ ಒತ್ತಿ ಬಿಟ್ಟಿದ್ದರಂತೆ.

ಹೊಸದಾಗಿ ಬಂದ ಪೊಲೀಸನೊಬ್ಬ ನಕ್ಕು ತಿಳಿಸಿ ಹೇಳಿದ: "ಅಜ್ಜಿ, ಈ ಕಡೆನೂ ಇಂಡಿಯಾನೇ."

"ಯಾವಾಗಿನಿಂದ?"

"ಇಪ್ಪತ್ತೈದು ವರ್ಷ ಆತು."

ಅಜ್ಜಿ ತಾನು ಬಂದ ದಾರಿಯನ್ನೊಮ್ಮೆ ತಿರುಗಿ ನೋಡಿದಳು. ಗುಡ್ಡ ಜರಿದು ಅರ್ಧ ರಸ್ತೆ ಕಣಿವೆಯಲ್ಲಿತ್ತು. "ಹಾಗಾದರೆ ಇಂಡಿಯಾದವರಿಗೂ ಒಂದು ಮಾತು ಹೇಳು, ಮಗಾ," ಅಂದಳು. "ಅವರಿಗಿನ್ನೂ ಗೊತ್ತಾದಂತಿಲ್ಲ."

ಬಾಟ್ಲಿ

ಗೋವಾದಿಂದ ದಾಟುವವರ ಚೀಲದಲ್ಲಿ ಪೊಲೀಸರು ಹುಡುಕುತ್ತಿದ್ದುದು ಒಂದೇ ಸಾಮಾನು, ಸಾರಾಯಿ. ಮೇಸ್ತ್ರಿಯ ಹೆಂಡತಿ ತವರಿಗೆ ಹೊರಟಾಗ ಅವಳ ಚೀಲದಲ್ಲಿ ಅದೇ ಸಿಕ್ಕಿತು: ಫೆನ್ನಿಯ ಬಾಟ್ಲಿ, ಒಳಗೆ ಕೆಂಪನೆ ರಸ.

"ಏನಬೇ ಇದು?"

"ಕೋಕಂ ರೀ ಸಾಹೇಬ್ರ. ಹುಳಿ. ಬಾಟ್ಲಿ ಅಷ್ಟ ಅದರದು."

"ಎಲ್ಲಾರೂ ಹಂಗ ಅಂತಾರ," ಎಂದು ಪೊಲೀಸ್ ಮುಚ್ಚಳ ತೆಗೆದು, ಪುರಾವೆಗೆಂದು, ದೊಡ್ಡದೊಂದು ಗುಟುಕು ಎಳೆದ. ಅದು ಮುರುಗಲ ಹಣ್ಣಿನ ಸಿಪ್ಪೆಗೆ ಸೇರುಗಟ್ಟಲೆ ಉಪ್ಪು ಹಾಕಿ ವರ್ಷಕ್ಕಾಗುವಷ್ಟು ಇಳಿಸಿಟ್ಟ ರಸ. ಪೊಲೀಸನ ಮುಖ ಒಳಗೇ ಮಡಚಿಕೊಂಡಿತು. ಒಂದು ಕಣ್ಣು ತೆರೆಯಲು ಬಹಳ ಹೊತ್ತು ಹಿಡಿಯಿತು.

ಮೇಸ್ತ್ರಿಯ ಹೆಂಡತಿ ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿ ಹಲುಬಿದಳು: "ನಾಕ ಮಂದಿ ಸಾರಿಗೆ ಒಂದ ಚಮಚಾ ಸಾಕಾಗ್ತಿತ್ರಿ. ಏನ್ರೀ ನೀವು, ಒಂದ ಗುಟುಕಿಗೆ ನಮ್ಮ ಓಣಿ ಸಾರೆಲ್ಲಾ ಕುಡದ್ರಿ!"

ಶಾಲೆ

ಮಾನ್ಯತೆಗಾಗಿ ನಾನು ಬರೆದ ಅರ್ಜಿಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಗಿಡ್ಡ ಸ್ಟೂಲು ಆಗುತ್ತಿತ್ತು. ಕೊನೆಗೆ ಪಣಜಿಯಿಂದ ಅಧಿಕಾರಿಯೊಬ್ಬರು ಬರುತ್ತಾರೆಂದು ತಿಳಿಯಿತು. ಶಾಲೆಯನ್ನು ನಾಕಾದ ಬಳಿಯ ನಮ್ಮ ಜಗಲಿಯಿಂದ ಕೆಳಗೆ ಕ್ವಾರಿಯ ಶೆಡ್ಡಿಗೆ ಹಾಕುವ ಮಾತೂ ಇತ್ತು. ಅಲ್ಲಿ ಮಕ್ಕಳಿಗಿಂತ ಜಿಗಣೆ ಜಾಸ್ತಿ. ನಾನು ಹಿಂದಿನ ದಿನ ಪಾಲಕರನ್ನೆಲ್ಲ ಕೂಡಿಸಿ ಗಿಳಿಪಾಠ ಮಾಡಿಸಿದೆ: "ಸಾಲಿ ಜಾಗಾ ಎಲ್ಲಿ ಅಂತ ಕೇಳ್ತಾರ. ಯಾರೂ ಜಗ್ಗಬ್ಯಾಡ್ರಿ. ನಾಕಾ ಅನ್ರಿ. ಏನ ಕೇಳಿದ್ರೂ ನಾಕಾ!"

ಬಸ್ಸಿನಿಂದ ಇಳಿಸಿಕೊಂಡವಳು ನಾನೇ. ಪಾಠ ಹೇಳಿಕೊಟ್ಟವಳೂ ನಾನೇ.

ಅಧಿಕಾರಿ ಬಂದರು. ಸಭ್ಯರು. ಆ ಕಡೆ ಟೀಚರಮ್ಮನಿಗೆ ಬಾಯಿ ಅನ್ನುತ್ತಾರೆ. ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, "ಬಾಯಿ, ನೀವು ಮಧ್ಯೆ ಮಾತಾಡಬಾರದು. ಪಾಲಕರ ಮನಸ್ಸು ನಾನು ಅವರ ಬಾಯಿಂದಲೇ ಕೇಳಬೇಕು," ಎಂದು ಹಿಂದಿಯಲ್ಲಿ ಹೇಳಿ, ಮೇಸ್ತ್ರಿಯನ್ನು ಕರೆದು ಕೊಂಕಣಿಯಲ್ಲಿ ಕೇಳಿದರು:

"ಶಾಳಾ ಜಾಯ್? ನಾಕಾ?"

ಶಾಲೆ ಬೇಕೋ ಬೇಡವೋ ಅಂತ. ಮೇಸ್ತ್ರಿಯ ಕಿವಿಗೆ ಬಿದ್ದದ್ದು 'ಶಾಲಾ ಜಾಗಾ ನಾಕಾ?'. ಅವನು ಎದೆಯುಬ್ಬಿಸಿ, "ನಾಕಾ!" ಅಂದ.

"ಸಾಹೇಬ್ರ..." ಅಂತ ನಾನೆದ್ದೆ. ಅವರು ಕೈ ಎತ್ತಿ ಕೂರಿಸಿದರು.

ಎರಡನೆಯವನು, "ನಾಕಾ ರೀ, ನಾಕಾನ." ಮೂರನೆಯವಳು, "ನಾಕಾ ಬಿಟ್ರ ಬ್ಯಾರೆ ಮಾತ ಇಲ್ರಿ." ನಾನೆದ್ದಾಗಲೆಲ್ಲ ಅವರ ಕೈ ಮೇಲೇಳುತ್ತಿತ್ತು. ಪಾಲಕರು ಹಿಂದಿನಿಂದ ನನಗೆ ಕಣ್ಣು ಮಿಟುಕಿಸುತ್ತಿದ್ದರು, ಹೆಂಗ ಹೇಳಿದ್ವಿ ಅನ್ನುವ ಹಾಗೆ. ಅಧಿಕಾರಿಯ ಮುಖದಲ್ಲಿ ಅನುಮಾನ ಏಳತೊಡಗಿತು. ಶಾಲೆ ಬೇಕೆಂದು ಇಷ್ಟೆಲ್ಲ ಬರೆದದ್ದು ಈ ಬಾಯಿಯೊಬ್ಬಳದೇ ಚಟವೋ ಏನೋ ಅಂತ.

ಕೊನೆಗೆ ಮೇಸ್ತ್ರಿಯ ಹೆಂಡತಿ. ಅವಳಿಗಾದರೂ ಬೇರೆ ಪ್ರಶ್ನೆ ಕೇಳಿದರು, ಹಿಂದಿಯಲ್ಲಿ: "ಬಚ್ಚೆ ಕಿತನೆ?"

"ನಾಕ," ಅಂದಳು. ನಾಲ್ಕು. ನಾಲ್ಕೂ ಅವಳ ಸೀರೆ ಹಿಡಿದು ನಿಂತಿದ್ದವು.

ಅಧಿಕಾರಿ ಮಕ್ಕಳನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ಮಕ್ಕಳೂ ಬೇಡವಂತೆ!" ಎಂದು ಫೈಲು ಮುಚ್ಚಿ ಜೀಪಿನ ಕಡೆ ನಡೆದರು. ಹಿರಿಮಗಳಿಗೆ ಏನೂ ತಿಳಿಯದಿದ್ದರೂ ನನ್ನ ಮುಖ ನೋಡಿ ಎಲ್ಲ ತಿಳಿಯಿತು. ಪಾಟಿಯನ್ನು ಎದೆಗೆ ಒತ್ತಿಕೊಂಡಳು. ನಾನು ಬಿ.ಎ. ಸಮೇತ ಅವರ ಹಿಂದೆ ಓಡಿದೆ, ಅವರು ತಿರುಗದೆಯೇ ಮತ್ತೆ ಕೈ ಎತ್ತಿದರು.

ಜೀಪಿಗೆ ಅಡ್ಡ ನಿಂತದ್ದು ಪಕ್ಕದ ಮನೆಯ ಅಜ್ಜಿ, ರೇಷನ್ ಕಾರ್ಡು ಹಿಡಿದುಕೊಂಡೇ. ಎಲ್ಲವನ್ನೂ ತನ್ನ ಬಾಗಿಲಿನಿಂದ ಕೇಳಿಸಿಕೊಂಡಿದ್ದಳು.

"ಅರೆ ಪುತಾ," ಅಂದಳು ಕೊಂಕಣಿಯಲ್ಲಿ, "ಅವರು ಇಂಡಿಯಾದವರು. ಅಲ್ಲಿ ಎಲ್ಲದಕ್ಕೂ ನಾಕಾ ಅಂತಾರೆ. ಪೊಲೀಸರು ನಿಲ್ಲುವ ಜಾಗಕ್ಕೆ ನಾಕಾ. ಮೂರಾದ ಮೇಲೆ ನಾಕಾ. ಬೇಡದಿದ್ದರೆ ಸುಮ್ಮನಿರುತ್ತಾರೆ. ಇಷ್ಟು ಜೋರಾಗಿ ಕೂಗಿದರೆ ಬೇಕು ಅಂತಲೇ!"

ಅಧಿಕಾರಿ ಬಾನೆಟ್ಟಿನ ಮೇಲೆ ಕೈಯಿಟ್ಟು ನಕ್ಕದ್ದು ನೋಡಬೇಕು. ವಾಪಸು ಬಂದು, ನನ್ನ ಕಡೆ ತಿರುಗಿ, "ಬಾಯಿ, ಈಗ ನೀವು ಮಾತಾಡಬಹುದು," ಅಂದರು.

ಮಂಜೂರಾತಿ ಬಂತು. ಮೇಸ್ತ್ರಿಯ ಮಗಳು ಜೂನಿನಲ್ಲಿ ಗೋವಾದ ಕರಾವಳಿಯ ಬಾಯ್ನಾದಲ್ಲಿದ್ದ ಚಿಕ್ಕಪ್ಪನ ಮನೆಗೆ ಹೋಗಿ ಐದನೇ ಇಯತ್ತೆ ಸೇರಿದಳು. ಮುಂದೆ ಪಕ್ಕದ ಕೋಣೆಯಲ್ಲಿ ಕೊಂಕಣಿ ಮಕ್ಕಳಿಗಾಗಿ, ಆಗಿನ ಗೋವಾದ ರೂಢಿಯಂತೆ, ಮರಾಠಿ ತರಗತಿಯೂ ಶುರುವಾಯಿತು. ಸರ್ಕಾರ ತನ್ನ ದಾಖಲೆಯ ಪ್ರಕಾರವೇ ಬೋರ್ಡು ಬರೆಸಿತು: ಪ್ರಾಥಮಿಕ ಶಾಳಾ, ನಾಕಾ.

ಬೆಳಗಿನ ಬಸ್ಸಿನಲ್ಲಿ ಮೇಲಿನ ವಸ್ತಿಗಳ ಮಕ್ಕಳು ಬರುತ್ತಿದ್ದರು. ನನ್ನನ್ನು ಕಾಡಿನಲ್ಲಿ ಇಳಿಸಿದ್ದ ಅದೇ ಕಂಡಕ್ಟರ್ ಬೋರ್ಡು ಓದಿಕೊಂಡು ಬಾಗಿಲಲ್ಲಿ ಕೂಗುತ್ತಿದ್ದ: "ಶಾಳಾ ನಾಕಾ! ಶಾಳಾ ನಾಕಾ!"

ಕನ್ನಡದ ಮಕ್ಕಳು ಪಾಟಿಚೀಲ ಹಿಡಿದು ದಡದಡ ಇಳಿಯುತ್ತಿದ್ದವು. ಕೊಂಕಣಿ ಮಕ್ಕಳು ಆರಾಮಾಗಿ ಕೂತೇ ಇರುತ್ತಿದ್ದವು. ನಾನು ಹತ್ತಿ ಎಬ್ಬಿಸಹೋದರೆ ಒಂದೇ ಉತ್ತರ: "ಶಾಲೆ ಬೇಡ ಅಂತ ಕಂಡಕ್ಟರ್ ಮಾಮನೇ ಹೇಳ್ತಿದ್ದಾನಲ್ಲ, ಟೀಚರ್!"