ಅಲುಗಾಡದ ಫೋನು

ಹೆಂಡತಿ: ಪರೀಕ್ಷೆ ಮಾಡದೆ ಕಳಿಸಬೇಡಿ ಅಂದ್ರೆ ಕಳಿಸಬೇಡಿ, ಅಷ್ಟೆ!

ಗಂಡ: ಇನ್ನೇನೇ ಪರೀಕ್ಷೆ? ಕೋಡ್ ಒಂದೇ ಏಟಿಗೆ ಓಡ್ತು. ಒಂದು ತಪ್ಪೂ ತೋರಿಸ್ಲಿಲ್ಲ.

ಹೆಂಡತಿ: ತಪ್ಪು ಮಾಡಿದೋರು ತಾವಾಗಿ ತೋರಿಸ್ತಾರಾ? ನೀವು ಯಾವತ್ತಾದ್ರೂ ತೋರಿಸಿದೀರಾ?

ಗಂಡ ಸಂಶೋಧಕ. ರಜಾದಿನ ಮನೆಯಲ್ಲಿ ಯಾರಿಗೆಷ್ಟು ವಿಶ್ರಾಂತಿ ಎಂದು ಜನರ ಫೋನ್‌ಗಳ ಮಾಹಿತಿಯಿಂದ, ತಾನೇ ಬರೆದ ಕಂಪ್ಯೂಟರ್ ಕೋಡ್‌ನಲ್ಲಿ ಅಳೆದು ಬರೆದ ಪ್ರಬಂಧ ಸಂಜೆಯೊಳಗೆ ಪತ್ರಿಕೆಗೆ ಹೋಗಬೇಕು. ತಪ್ಪಿದರೆ ಬಡ್ತಿಯೂ ಮುಂದಕ್ಕೆ. ಹೆಂಡತಿಗೆ ಬೇರೆಯವರ ಕೋಡ್‌ನಲ್ಲಿ ತಪ್ಪು ಹುಡುಕುವುದೇ ಉದ್ಯೋಗ. ಇವತ್ತು ರಜೆಯಾದ್ದರಿಂದ ಒಗೆದ ಬಟ್ಟೆಯ ಗುಡ್ಡೆ ಮಡಚುತ್ತಿದ್ದಳು.

ಹೆಂಡತಿ: ಫಲಿತಾಂಶ ಏನು ಬಂತು?

ಗಂಡ: ಗಂಡಸರಿಗಿಂತ ಹೆಂಗಸರಿಗೇ ಎರಡರಷ್ಟು ವಿಶ್ರಾಂತಿ! ಓದಿದೋರು ಬೆಚ್ಚಿಬೀಳ್ತಾರೆ.

ಹೆಂಡತಿ: ನೀವು ಬೀಳ್ಲಿಲ್ವಲ್ಲ, ಅದೇ ಆಶ್ಚರ್ಯ. ಉತ್ತರ ಮೊದಲೇ ಗೊತ್ತಿರೋ ಒಂದು ದಿನಾನ ಕೋಡ್‌ಗೆ ಕೊಟ್ಟು ನೋಡಿ. ಹೋದ ಭಾನುವಾರದ್ದು ನನ್ನ ಫೋನ್ ಮಾಹಿತಿ ಇದೆಯಲ್ಲ, ಹಾಕಿ.

ಗಂಡ ಗುಂಡಿ ಒತ್ತಿದ. ಪರದೆ ನೋಡಿ ಗಂಟಲು ಸರಿಮಾಡಿಕೊಂಡ.

ಗಂಡ: ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ... ಗಾಢ ವಿಶ್ರಾಂತಿ.

ಹೆಂಡತಿ: ಓಹೋ! ಅವತ್ತು ನಿಮ್ಮಕ್ಕನ ಮನೆಯವರೆಲ್ಲ ಉಂಡು ಹೋದ್ರಲ್ಲ, ನಾನು ಕನಸಲ್ಲಿ ಮಾಡಿದ ಅಡುಗೆನಾ ಅದು?

ಗಂಡ: ಫೋನ್ ಅಲುಗಾಡದಿದ್ರೆ ಮನುಷ್ಯ ಮಲಗಿದಾನೆ ಅಂತ ಲೆಕ್ಕ ಕಣೇ. ನಿನ್ನದು ಅಲುಗಾಡೇ ಇಲ್ಲ.

ಹೆಂಡತಿ: ಕೈ ತುಂಬಾ ಹಿಟ್ಟು ಮೆತ್ತಿಕೊಂಡು ಫೋನ್ ಹಿಡ್ಕೊಳ್ಲಾ? ಕಪಾಟಿನ ಮೇಲಿತ್ತು. ವಿಶ್ರಾಂತಿ ತಗೊಂಡಿದ್ದು ಫೋನು! ಈಗ ನಿಮ್ಮದು ಹಾಕಿ.

ಗಂಡ: ನಂದ್ಯಾಕೆ ಬಿಡು...

ಹೆಂಡತಿ: ಹಾಕಿ ರೀ.

ಗಂಡ: (ಮೆಲ್ಲಗೆ) ಬಿಡುವಿಲ್ಲದ ದುಡಿಮೆ.

ಹೆಂಡತಿ: ಫೋನ್ ಹಿಡ್ಕೊಂಡು ಸೋಫಾ ಮೇಲೆ ಆ ಕಡೆ ಈ ಕಡೆ ಹೊರಳಾಡ್ತಿದ್ರಲ್ಲ, ಅದಾ?

ಗಂಡ ಇನ್ನಷ್ಟು ಕಾಲಾವಕಾಶ ಬೇಕೆಂದು ಸಂಪಾದಕರಿಗೆ ಬರೆದು ಕಳಿಸಿದ. ಬಡ್ತಿ ಕಣ್ಣೆದುರೇ ಜಾರಿಹೋಯಿತು.

ಗಂಡ: ಎಲ್ಲರ ಕೈಗೂ ಅಲುಗಾಟ ಅಳೆಯೋ ವಾಚ್ ಕಟ್ಟಿ ಮತ್ತೆ ಅಳೀತೀನಿ. ಆದ್ರೆ ಆ ಹೊಸ ಕೋಡ್ ಸರಿಯಾಗಿದೆ ಅಂತ ಹೇಗೆ ತಿಳ್ಕೊಳ್ಳೋದು?

ಹೆಂಡತಿ: ಸುಲಭ. ಬರೋ ಭಾನುವಾರ ವಾಚ್ ನೀವು ಕಟ್ಕೊಳ್ಳಿ. ಅಡುಗೆ, ಪಾತ್ರೆ, ಬಟ್ಟೆ, ನಿಮ್ಮಕ್ಕ ಬಂದ್ರೆ ಅವರ ಉಪಚಾರ, ಎಲ್ಲ ನಿಮ್ಮದೇ. ನಾನು ಕೂತು ತಾಳೆ ನೋಡ್ತೀನಿ.

ಗಂಡ: ತಪ್ಪು ಮಾಡಿದ್ದು ಕೋಡು, ಶಿಕ್ಷೆ ನನಗಾ?

ಹೆಂಡತಿ: ಶಿಕ್ಷೆನಾ? ಈಗ ತಾನೆ ಅದನ್ನ ವಿಶ್ರಾಂತಿ ಅಂತಿದ್ರಿ!