ಎರಡನೆಯ ಪ್ರಾಶಸ್ತ್ಯದ ಮತ

ನನಗೊಂದು ಚಟವಿದೆ. ಈ ವಯಸ್ಸಿನಲ್ಲಿ ಅದನ್ನು ಒಪ್ಪಿಕೊಳ್ಳಲು ಸಂಕೋಚವೇನಿಲ್ಲ. ಯಾವ ವಸ್ತುವನ್ನು ಕಂಡರೂ ಅದಕ್ಕೊಂದು ಗೂಡು ಹುಡುಕುತ್ತೇನೆ. ಮೂವತ್ತೆಂಟು ವರ್ಷ ಮಂಗಳೂರಿನಲ್ಲಿ ಅಂಚೆ ವಿಂಗಡಿಸುವ ಕೆಲಸದಲ್ಲಿದ್ದೆ. ಎದುರಿಗೆ ಸಣ್ಣ ಸಣ್ಣ ಗೂಡುಗಳ ಕಪಾಟು, ಎಡಗೈಯಲ್ಲಿ ಕಾಗದಗಳ ಕಟ್ಟು, ಬಲಗೈ ಎಸೆಯುವುದಕ್ಕೆ. ಕಣ್ಣು ವಿಳಾಸ ಓದಿ ಮುಗಿಸುವಷ್ಟರಲ್ಲಿ ಕಾಗದ ತನ್ನ ಊರಿನ ಗೂಡಿನಲ್ಲಿರಬೇಕು. ಈಗ ಕಾಗದಗಳಿಲ್ಲ, ಕೈ ಮಾತ್ರ ಸುಮ್ಮನಿರುವುದಿಲ್ಲ. ದುಬೈಯ ಅಲ್ ನಹ್ದಾದಲ್ಲಿ ಮಗಳ ಮನೆಗೆ ಬಂದ ಮೊದಲ ವಾರವೇ ಚಪ್ಪಲಿಗಳಿಗೆ ಹೆಸರಿನ ಚೀಟಿ ಅಂಟಿಸಿದೆ. ಎರಡನೆಯ ವಾರ ಸಾಂಬಾರ ಡಬ್ಬಿಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದೆ. ಮಗಳು ವೀಣಾ ಸಾಸಿವೆ ಹುಡುಕಿ ಸೋತು, ಅಪ್ಪ ಬಂದ ಮೇಲೆ ಒಗ್ಗರಣೆ ಹಾಕಲಿಕ್ಕೂ ವ್ಯಾಕರಣ ಬೇಕಾಗಿದೆ ಎಂದು ಗೊಣಗಿದಳು. ಫ್ರಿಜ್ಜಿನ ಬಾಗಿಲಿಗೆ ಬಚ್ಚಲುಮನೆಯ ವೇಳಾಪಟ್ಟಿಯನ್ನೂ ಹಚ್ಚಿದ್ದೆ. ಹದಿಮೂರರ ಮೊಮ್ಮಗಳು ಅನುವಿಗೆ ಎಂಟು ನಿಮಿಷ. ಒಂಬತ್ತನೆಯ ನಿಮಿಷಕ್ಕೆ ನಾನು ಬಾಗಿಲು ತಟ್ಟುತ್ತಿದ್ದೆ. ಐದು ಗಂಟೆಗೆ ಏಳುವುದು, ಐದೂ ನಲವತ್ತಕ್ಕೆ ಪಾರ್ಕು, ಕೊಳದ ಸುತ್ತ ನಾಲ್ಕು ಸುತ್ತು, ಆಮೇಲೆ ಮೂರನೆಯ ಬೆಂಚಿನಲ್ಲಿ ಹಮೀದಾಕನ ಜೊತೆ ಹತ್ತು ನಿಮಿಷ ಮಾತು. ಹಮೀದಾಕ ಉಳ್ಳಾಲದ ಕಡೆಯ ಬ್ಯಾರಿ, ನಮ್ಮ ಕಟ್ಟಡದ ಕೆಳಗೇ ದಿನಸಿ ಅಂಗಡಿ ಇಟ್ಟವನು. ಹತ್ತು ನಿಮಿಷ ಮುಗಿದೊಡನೆ ನಾನು ಏಳುತ್ತೇನೆಂದು ಗೊತ್ತಿದ್ದುದರಿಂದ ಮುಖ್ಯ ಸಂಗತಿಗಳನ್ನು ಅವನು ಮೊದಲೇ ಹೇಳಿಬಿಡುತ್ತಿದ್ದ.

2016ರ ಜುಲೈಯಲ್ಲಿ ಈ ವ್ಯವಸ್ಥೆಗೆ ಕುತ್ತು ಬಂತು. ಅಳಿಯ ಸುಧೀರ ಎಸಿ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಕಂಪನಿ ಅವನನ್ನು ಅಬುಧಾಬಿಗೆ ಹಾಕಿತ್ತು. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ಕೆಲಸದ ಜಾಗದ ಹತ್ತಿರ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಮನೆ ಸಿಗುತ್ತಿತ್ತು. ಆದರೆ ವೀಣಾಳ ಕೆಲಸ ನಹ್ದಾದಲ್ಲೇ ಒಂದು ದಂತ ವೈದ್ಯರ ಕ್ಲಿನಿಕ್ಕಿನಲ್ಲಿ, ನಡೆದರೆ ಹತ್ತು ನಿಮಿಷ. ಹೋದರೆ ಅವಳ ಕೆಲಸ ಹೋಗುತ್ತದೆ, ಹೋಗದಿದ್ದರೆ ಅಳಿಯನ ನಿದ್ದೆ ಹೋಗುತ್ತದೆ. ಬಾಡಿಗೆಯ ಕರಾರು ಮುಂದುವರಿಸುತ್ತೇವೆಯೋ ಇಲ್ಲವೋ ಎಂದು ಈದ್ ರಜೆ ಮುಗಿಯುವುದರೊಳಗೆ ನಹ್ದಾದ ಮನೆಯ ಮಾಲೀಕರಿಗೆ ಉತ್ತರ ಹೇಳಬೇಕಿತ್ತು. ರಾತ್ರಿ ಊಟಕ್ಕೆ ಕೂತಾಗಲೆಲ್ಲ ಇದೇ ಮಾತು, ಮತ್ತು ಪ್ರತಿ ಸಲವೂ ನಾನು ದೊಡ್ಡ ಮನಸ್ಸು ಮಾಡಿ ಒಂದೇ ಪರಿಹಾರ ಸೂಚಿಸುತ್ತಿದ್ದೆ: ನಾವು ಮುದುಕರಿಬ್ಬರು ಊರಿಗೆ ಹೋಗುತ್ತೇವೆ, ನೀವು ಸಣ್ಣ ಮನೆ ಮಾಡಿಕೊಂಡು ಎಲ್ಲಿ ಬೇಕೋ ಅಲ್ಲಿ ಇರಿ. ಹಾಗೆಂದ ಕೂಡಲೇ ವೀಣಾಳ ಕಣ್ಣು ತುಂಬುತ್ತಿತ್ತು, ಸುಧೀರ ಛೆ ಛೆ ಮಾವ ಎನ್ನುತ್ತಿದ್ದ, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ನನ್ನಾಕೆ ಮಾತ್ರ ನನ್ನ ತಟ್ಟೆಗೆ ಇನ್ನಷ್ಟು ಸಾರು ಹಾಕುತ್ತಿದ್ದಳು.

ಅದೇ ಹೊತ್ತಿಗೆ ಆಸ್ಟ್ರೇಲಿಯಾ ನಮ್ಮ ಮನೆ ಹೊಕ್ಕಿತು. ಅನುವಿನ ಶಾಲೆಯಲ್ಲಿ ರಜೆಗೆಂದು ಒಬ್ಬೊಬ್ಬರಿಗೆ ಒಂದೊಂದು ದೇಶದ ಚುನಾವಣೆಯ ಪ್ರಾಜೆಕ್ಟ್ ಕೊಟ್ಟಿದ್ದರು. ಚೀಟಿ ಎತ್ತಿದಾಗ ಇವಳ ಪಾಲಿಗೆ ಆಸ್ಟ್ರೇಲಿಯಾ ಬಂತು. ಅದೃಷ್ಟಕ್ಕೆ ಆ ಶನಿವಾರವೇ ಅಲ್ಲಿ ಮತದಾನ. ಕ್ಷೇತ್ರವಾರು ಗೆರೆ ಎಳೆದ ಆ ದೇಶದ ದೊಡ್ಡ ನಕ್ಷೆಯೊಂದನ್ನು ಅವಳು ಊಟದ ಮೇಜಿನ ಮೇಲೆ ಹರಡಿದಳು. ಗೂಡುಗಳು! ನನಗೆ ಮತ್ತೇನು ಬೇಕು? ಅವಳ ಬಣ್ಣದ ಪೆನ್ನುಗಳನ್ನು ತೆಗೆದುಕೊಂಡು, ಇದು ನನ್ನ ಇಲಾಖೆ ಎಂದು ಕುರ್ಚಿ ಎಳೆದು ಕೂತೆ. ಸೇವೆಯಲ್ಲಿದ್ದಾಗ ನಾಲ್ಕು ಸಲ ಮತ ಎಣಿಕೆಯ ಕೆಲಸಕ್ಕೆ ಹೋದವನು ನಾನು. ನಾನು ಕಟ್ಟಿದ ಮತಪತ್ರದ ಕಟ್ಟನ್ನು ಯಾವ ಪಕ್ಷದ ಏಜೆಂಟೂ ಬಿಚ್ಚಿಸಿದ್ದಿಲ್ಲ.

ಅಲ್ಲಿ ಸಂಜೆ ಆರಕ್ಕೆ ಮತಗಟ್ಟೆ ಮುಚ್ಚಿದರೆ ನಮಗೆ ಮಧ್ಯಾಹ್ನ ಹನ್ನೆರಡು. ಮೊದಲು ಪೂರ್ವ ತೀರ, ಅರ್ಧ ಗಂಟೆ ಬಿಟ್ಟು ನಡುವಿನ ರಾಜ್ಯ, ಎರಡು ಗಂಟೆಗೆ ಪಶ್ಚಿಮ. ರೈಲು ಒಂದೊಂದೇ ಸ್ಟೇಶನ್ನಿಗೆ ಅಂಚೆ ಚೀಲ ಇಳಿಸುತ್ತಾ ಹೋದ ಹಾಗೆ. ನನಗೆ ಆ ದೇಶದ ಬಗ್ಗೆ ಗೌರವ ಹುಟ್ಟಿತು. ಮತ ಹಾಕದವರಿಗೆ ಅಲ್ಲಿ ದಂಡ ಎಂದು ಅನು ಹೇಳಿದಾಗ ಆ ಗೌರವ ಭಕ್ತಿಯಾಯಿತು. ಅವಳು ಕಂಪ್ಯೂಟರ್ ನೋಡಿ ಕ್ಷೇತ್ರದ ಹೆಸರು, ಮುಂದಿರುವ ಪಕ್ಷದ ಬಣ್ಣ ಹೇಳುತ್ತಿದ್ದಳು, ನಾನು ತುಂಬುತ್ತಿದ್ದೆ. ನಡುನಡುವೆ, ಅಜ್ಜ, ಪೆನ್ಸಿಲ್ ತಗೊಳ್ಳಿ, ದಿಸ್ ಈಸ್ ಓನ್ಲಿ ಲೀಡಿಂಗ್ ಎಂದು ಎಚ್ಚರಿಸುತ್ತಲೂ ಇದ್ದಳು. ನಮ್ಮಲ್ಲಿ ಲೀಡಿಂಗ್ ಎಂದ ಮೇಲೆ ಪಟಾಕಿ ಹೊಡೆದು, ಲಾಡು ಹಂಚಿ, ಮೆರವಣಿಗೆಯೂ ಮುಗಿದಿರುತ್ತದೆ. ನಾನು ಶಾಯಿಯಲ್ಲೇ ತುಂಬಿದೆ. ಪಶ್ಚಿಮದ ಒಂದೇ ಕ್ಷೇತ್ರ ತುಂಬಲು ನೀಲಿ ಪೆನ್ನಿನ ಅರ್ಧ ಶಾಯಿ ಖರ್ಚಾಯಿತು. ಕರ್ನಾಟಕದಂಥ ಹಲವು ರಾಜ್ಯಗಳನ್ನು ಅದರೊಳಗೆ ಇಳಿಸಬಹುದು, ಬಹುಪಾಲು ಮರುಭೂಮಿ. ನಗರಗಳ ಕ್ಷೇತ್ರಗಳೋ, ಪೆನ್ನಿನ ಮೊನೆ ಊರಿದರೆ ಮೂರು ಮುಚ್ಚಿಹೋಗುವಷ್ಟು ಕಿರಿದು. ನಕ್ಷೆ ನೋಡಿದವರಿಗೆ ದೇಶವೆಲ್ಲ ನೀಲಿ ಎನಿಸಬೇಕು, ಆದರೆ ಸರಕಾರ ಯಾರದೆಂದು ಹೇಳಬೇಕಾದದ್ದು ಅಂಚಿನಲ್ಲಿರುವ ಆ ಚುಕ್ಕಿಗಳು. ಮನೆಯಲ್ಲೂ ಹೀಗೆಯೇ ಅಲ್ಲವೇ ಎಂದು ಆಗ ನನಗೆ ಹೊಳೆಯಲಿಲ್ಲ. ಊಟದ ಮೇಜಿನ ಬಹುಪಾಲು ಜಾಗ ನನ್ನ ಮಾತಿನದೇ ಆಗಿತ್ತು.

ಶನಿವಾರ ಸಂಜೆಯಾದರೂ ಸರಕಾರ ಯಾರದೆಂದು ತಿಳಿಯಲಿಲ್ಲ. ಭಾನುವಾರವೂ ಇಲ್ಲ. ಅಂಚೆಯಲ್ಲಿ ಬರುವ ಮತಗಳಿಗಾಗಿ ಇಡೀ ದೇಶ ಕಾಯುತ್ತಿದೆ ಎಂದಳು ಅನು. ಅಂಚೆಗಾಗಿ ಒಂದು ದೇಶ ಕಾಯುವುದನ್ನು ನೋಡುವ ಭಾಗ್ಯ ನನಗೆ ನಿವೃತ್ತಿಯ ನಂತರ ಬಂತು. ಹಮೀದಾಕನಿಗೆ ಇದನ್ನು ಹೇಳಲು ಮಾರನೆಯ ಬೆಳಿಗ್ಗೆ ನನ್ನ ಹತ್ತು ನಿಮಿಷದಲ್ಲಿ ಒಂಬತ್ತು ವೆಚ್ಚವಾಯಿತು. ಅಷ್ಟರಲ್ಲಿ ನನ್ನ ಶಾಯಿ ಕೈಕೊಡಲು ಶುರುವಾಗಿತ್ತು. ಕ್ವೀನ್ಸ್‌ಲ್ಯಾಂಡಿನ ಕರಾವಳಿಯ ಒಂದು ಕ್ಷೇತ್ರಕ್ಕೆ ನಾನು ನೀಲಿ ತುಂಬಿದ್ದೆ. ಅದು ಈಗ ಕೆಂಪಿನತ್ತ ವಾಲುತ್ತಿತ್ತು. ಮುಂದಿದ್ದವನು ಹೇಗೆ ಸೋಲುತ್ತಾನೆ ಎಂದು ನಾನು ಜಗಳಕ್ಕೆ ನಿಂತೆ. ಅನು ಬಿಡಿಸಿ ಹೇಳಿದಳು: ಅಲ್ಲಿನವರು ಒಬ್ಬನಿಗೆ ಮುದ್ರೆ ಒತ್ತಿ ಬರುವುದಿಲ್ಲ. ಎಲ್ಲ ಅಭ್ಯರ್ಥಿಗಳಿಗೂ ಒಂದು, ಎರಡು, ಮೂರು ಎಂದು ಕ್ರಮ ಹಾಕಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಎಲ್ಲರಿಗಿಂತ ಹಿಂದಿರುವವನನ್ನು ತೆಗೆದುಹಾಕಿ, ಅವನ ಚೀಟಿಗಳಲ್ಲಿ ಎರಡು ಎಂದು ಯಾರ ಮುಂದೆ ಇದೆಯೋ ಅವರಿಗೆ ಕೊಡುತ್ತಾರೆ. ನಮ್ಮ ವಿಧಾನ ಪರಿಷತ್ತಿನ ಚುನಾವಣೆಯಲ್ಲೂ ಪ್ರಾಶಸ್ತ್ಯದ ಮತ ಎಂದು ಇಂಥದೊಂದಿದೆ, ಆದರೆ ಆ ಎಣಿಕೆಗೆ ನನ್ನನ್ನು ಕರೆದಿರಲಿಲ್ಲ. ವಾರಗಳ ನಂತರ ಆ ಕ್ಷೇತ್ರ ಒಂದು ಬಸ್ಸಿನಲ್ಲಿ ಹಿಡಿಸುವಷ್ಟು ಮತಗಳ ಅಂತರದಲ್ಲಿ ಕೆಂಪಾಯಿತು. ನಾನು ನೀಲಿಯ ಮೇಲೆ ಕೆಂಪು ಬಳಿದೆ. ಅನುವಿನ ಪ್ರಾಜೆಕ್ಟಿನಲ್ಲಿ ಆಸ್ಟ್ರೇಲಿಯಾದ ಯಾವ ಪಕ್ಷಕ್ಕೂ ಸೇರದ ನೇರಳೆ ಬಣ್ಣದ ಕ್ಷೇತ್ರವೊಂದು ಹಾಗೆ ಉಳಿಯಿತು.

ಮತದಾನ ನಡೆದ ಮರುವಾರವೇ ಈದ್. ಆ ದಿನ ಎಲ್ಲರೂ ಮನೆಯಲ್ಲಿದ್ದರು. ಹಮೀದಾಕನ ಮನೆಯಿಂದ ನಮಗಾಗಿ ಬೇರೆಯೇ ಮಾಡಿದ ತುಪ್ಪದನ್ನ ಬಂದಿತ್ತು. ಊಟದ ನಂತರ ಮತ್ತೆ ಅಬುಧಾಬಿಯ ಮಾತೆದ್ದಿತು. ಆಗ ನಾನೇ ಸೂಚಿಸಿದೆ: ಆಸ್ಟ್ರೇಲಿಯಾದ ಕ್ರಮದಲ್ಲಿ ಮತ ಹಾಕೋಣ. ಐದು ಜನ, ಮೂರು ದಾರಿ. ಎಲ್ಲರೂ ಅಬುಧಾಬಿಗೆ ಹೋಗುವುದು. ಇಲ್ಲೇ ಇದ್ದು ಸುಧೀರ ದಿನವೂ ಓಡಾಡುವುದು. ಅಜ್ಜ ಅಜ್ಜಿ ಊರಿಗೆ ಹೋಗುವುದು. ಹಾಲಿನ ಪುಡಿಯ ಖಾಲಿ ಡಬ್ಬಿಯ ಮುಚ್ಚಳಕ್ಕೆ ಸೀಳು ಕೊಯ್ದು ಮತಪೆಟ್ಟಿಗೆ ಮಾಡಿದೆ. ಅನು ಚುನಾವಣಾಧಿಕಾರಿ. ಗುಪ್ತ ಮತದಾನದ ಮಹತ್ವದ ಬಗ್ಗೆ ನಾನು ನಾಲ್ಕು ಮಾತು ಹೇಳಿದೆ. ಅಂಚೆಯವನು ತೆರೆದ ಕಾರ್ಡಿನಲ್ಲೂ ವಿಳಾಸ ಮಾತ್ರ ಓದಬೇಕು, ಒಕ್ಕಣೆ ಓದಬಾರದು ಎಂಬುದನ್ನೂ ಸೇರಿಸಿದೆ. ನಿಮ್ಗೆ ಮರ್ಲಾ ಎಂದು ನನ್ನ ಹುಚ್ಚಾಟಕ್ಕೆ ಗೊಣಗಿದ ನನ್ನಾಕೆಯೂ ಚೀಟಿ ತೆಗೆದುಕೊಂಡಳು.

ನನ್ನ ಚೀಟಿ ನಾನು ಹೇಗೆ ತುಂಬಿದೆ ಎಂದು ಹೇಳುವ ಮೊದಲು ಬೇರೊಂದು ಮಾತು. ಮದುವೆಯಾದ ಹೊಸದರಲ್ಲಿ ಮಾವನ ಮನೆಯಲ್ಲಿ ಎರಡನೆಯ ಸಲ ಮೂಡೆ, ಅಂದರೆ ಕೇದಗೆ ಎಲೆಯಲ್ಲಿ ಬೇಯಿಸಿದ ಕಡುಬು, ಬಡಿಸಲು ಬಂದಾಗ ಮರ್ಯಾದೆಗೆ ಬೇಡ ಎಂದಿದ್ದೆ. ಇನ್ನೊಮ್ಮೆ ಕೇಳುತ್ತಾರೆ, ಆಗ ಹಾಕಿಸಿಕೊಳ್ಳೋಣ ಎಂಬುದು ನನ್ನ ಎಣಿಕೆ. ಅತ್ತೆ ಹೇಳಿದ್ದನ್ನು ಹೇಳಿದ ಹಾಗೆಯೇ ನಂಬುವ ಹೆಂಗಸು. ಪಾತ್ರೆ ಒಳಗೆ ಹೋಯಿತು. ಆ ಮೂಡೆಯ ಪರಿಮಳ ನನಗೆ ಇಂದಿಗೂ ನೆನಪಿದೆ. ನಾವು ಹೀಗೆಯೇ ಬೆಳೆದವರು. ಮೊದಲು ಹೇಳುವುದು ಉಪಚಾರಕ್ಕೆ, ಬೇಕಾದದ್ದು ಎರಡನೆಯ ಸಲಕ್ಕೆ. ಅದೇ ರೂಢಿಯಲ್ಲಿ ಈಗಲೂ, ಊರಿಗೆ ಹೋಗುವುದು ಎಂಬುದರ ಮುಂದೆ ಒಂದು ಎಂದು ಬರೆದೆ. ಅದು ಸೋಲುತ್ತದೆಂದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಬರೆದೆ. ಎರಡು ಎಂಬ ಅಂಕಿಯನ್ನು ಎಲ್ಲಿ ಹಾಕಿದೆನೆಂದು ನಾನು ಹೆಚ್ಚು ಯೋಚಿಸಲಿಲ್ಲ. ಕೈ ತಾನಾಗಿ ಹಾಕಿತು.

ಅನು ಡಬ್ಬಿ ತೆರೆದಳು. ಅಬುಧಾಬಿಗೆ ಒಂದು, ನಹ್ದಾಕ್ಕೆ ಒಂದು, ಮತ್ತೆ ನಹ್ದಾಕ್ಕೆ, ಮತ್ತೆ ಅಬುಧಾಬಿಗೆ. ಎರಡು-ಎರಡು. ಐದನೆಯ ಚೀಟಿ ತೆರೆದು ಅವಳು ತಿರುಗಿಸಿ ಮುರುಗಿಸಿ ನೋಡಿದಳು.

“ಅಜ್ಜ, ಇದು ಯಾವ ನಂಬರ್?”

ನಾನು ಕನ್ನಡ ಅಂಕಿಯಲ್ಲಿ ಬರೆದಿದ್ದೆ. ಆ ಮನೆಯಲ್ಲಿ ಕನ್ನಡ ಅಂಕಿ ಬರೆಯುವವನು ನಾನೊಬ್ಬನೇ. ಗುಪ್ತ ಮತದಾನ ಅಲ್ಲಿಗೆ ಖಲಾಸ್. ಊರಿಗೆ ಹೋಗುವುದರ ಮುಂದೆ ಇರುವುದು ಒಂದು ಎಂದು ಗಂಭೀರವಾಗಿ ಓದಿದೆ. ವೀಣಾಳ ಕಣ್ಣು ಎಂದಿನಂತೆ ತುಂಬಿತು. ಊರಿಗೆ ಒಂದೇ ಮತ, ಆದ್ದರಿಂದ ಅದನ್ನು ತೆಗೆದುಹಾಕಿ ಈ ಚೀಟಿಯ ಎರಡನೆಯ ಪ್ರಾಶಸ್ತ್ಯ ನೋಡಬೇಕು ಎಂದು ಅಧಿಕಾರಿ ಘೋಷಿಸಿ, ಚೀಟಿಯನ್ನು ನನ್ನ ಮುಂದೆ ಹಿಡಿದು, ಎರಡು ಯಾವುದು ಎಂದು ಕೇಳಿದಳು.

ಸುಳ್ಳು ಓದಬಹುದಿತ್ತು. ಎದುರಿಗೆ ಕೂತವರಿಗೆ ಚೀಟಿ ಕಾಣುತ್ತಿರಲಿಲ್ಲ, ಕಂಡವಳಿಗೆ ಅಂಕಿ ಗೊತ್ತಿರಲಿಲ್ಲ. ಆದರೆ ಮೂವತ್ತೆಂಟು ವರ್ಷದಲ್ಲಿ ತಿಳಿದೂ ತಿಳಿದೂ ಒಂದು ವಿಳಾಸವನ್ನು ತಪ್ಪಾಗಿ ಓದಿದವನಲ್ಲ. “ಇಲ್ಲೇ ಇರುವುದು” ಎಂದೆ.

ನಹ್ದಾ ಮೂರು, ಅಬುಧಾಬಿ ಎರಡು. ಅನು ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದಳು. ಸಂಸಾರದ ಸುಖಕ್ಕಾಗಿ ಊರಿಗೆ ಹೊರಟು ನಿಂತ ತ್ಯಾಗಿಯ ಎರಡನೆಯ ಆಯ್ಕೆ ಪಾರ್ಕಿನ ಮೂರನೆಯ ಬೆಂಚು ಎಂದು ಎಲ್ಲರಿಗೂ ತಿಳಿದುಹೋಯಿತು. ಸುಧೀರ ಏಳುತ್ತಾ, “ಇರ್ಲಿ ಮಾವ, ನಿಮ್ಗೆ ಇಲ್ಲಿ ಪಾರ್ಕ್ ಉಂಟಲ್ಲ” ಎಂದ. ಚುಚ್ಚಿ ಹೇಳಿದ್ದಲ್ಲ. ಚುಚ್ಚಿದ್ದರೆ ಅರಗುತ್ತಿತ್ತು.

ನನ್ನಾಕೆ ಪಾತ್ರೆ ತೊಳೆಯುತ್ತಾ, ಅಬುಧಾಬಿಗೆ ಬಿದ್ದ ಎರಡು ಮತಗಳಲ್ಲಿ ಒಂದು ತನ್ನದೇ ಎಂದಳು. ಆ ಹುಡುಗ ಊಟದ ನಡುವೆ ತೂಕಡಿಸುವುದನ್ನು ಅವಳು ನೋಡಿದ್ದಳಂತೆ. ನಾನು ಅದೇ ಮೇಜಿನಲ್ಲಿ ಕೂತು ನನ್ನ ತ್ಯಾಗದ ಮಾತಾಡುತ್ತಿದ್ದೆ. “ನೀವು ಊರಿಗೆ ಅಂತ ಹೇಳುದು, ಬೇಡ ಅಂತ ಕೇಳ್ಲಿಕ್ಕೆ ಅಲ್ವಾ?” ಎಂದು ಒಂದೇ ಮಾತು ಕೇಳಿ ನಲ್ಲಿ ನಿಲ್ಲಿಸಿದಳು. ಮರುದಿನ ನಾನು ಅಧಿಕಾರಿಗೆ ಲಿಖಿತ ಅರ್ಜಿ ಕೊಟ್ಟೆ. ಡಬ್ಬಿಗೆ ಹಾಕಿದ ಕಾಗದವನ್ನು ಬಟವಾಡೆಗೆ ಮೊದಲು ಹಿಂದಕ್ಕೆ ಪಡೆಯಲು ಅಂಚೆಯಲ್ಲಿ ಅವಕಾಶವಿದೆ, ಅದರಂತೆ ನನ್ನ ಮತಪತ್ರವನ್ನು ಮರಳಿಸಬೇಕಾಗಿ ವಿನಂತಿ. ಅನು ಕೆಳಗೆ ಒಂದೇ ಪದ ಬರೆದು ಹಿಂದಿರುಗಿಸಿದಳು: ಡೆಲಿವರ್ಡ್.

ಒಂದು ವರ್ಷ ಸುಧೀರ ಓಡಾಡಿದ. ಅವನು ಐದಕ್ಕೆ ಹೊರಡುತ್ತಿದ್ದುದರಿಂದ ನಾನು ನಾಲ್ಕೂಕಾಲಕ್ಕೆ ಎದ್ದು ಕಾಫಿ ಮಾಡಿ ಫ್ಲಾಸ್ಕಿಗೆ ತುಂಬಿಸಿಕೊಡುತ್ತಿದ್ದೆ. ಬಚ್ಚಲಿನ ವೇಳಾಪಟ್ಟಿಯಲ್ಲಿ ಅವನ ಹೆಸರಿನ ಮುಂದಿನ ಮಿತಿ ತೆಗೆದುಹಾಕಿದೆ. ಕೊಳದ ಸುತ್ತ ನಾಲ್ಕು ಸುತ್ತು ಹಾಕುವಾಗ ಅವನು ಈಗ ಎಲ್ಲಿರಬಹುದು ಎಂದು ಲೆಕ್ಕ ಹಾಕುವುದು ಅಭ್ಯಾಸವಾಯಿತು, ಬೆಂಚಿನ ರುಚಿ ಕಡಿಮೆಯಾಯಿತು. ಒಂದು ದಿನ ಬರುವಾಗ ನಿದ್ದೆ ಒತ್ತರಿಸಿ ಬಂದು, ದಾರಿಯ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಒಂದು ಗಂಟೆ ಮಲಗಿದ್ದನೆಂದು ಬಾಯಿತಪ್ಪಿ ಹೇಳಿದ. ಬಾಡಿಗೆಯ ಕರಾರು ಮತ್ತೆ ಬಂದಾಗ ಡಬ್ಬಿ ತರಲು ನಾನೇ ಹೇಳಿದೆ. ಈ ಸಲ ಅಬುಧಾಬಿಗೆ ಒಂದು ಎಂದು ಬರೆದೆ, ಉಳಿದ ಎರಡನ್ನು ಖಾಲಿ ಬಿಟ್ಟೆ. ನನಗೆ ಎರಡನೆಯದಿಲ್ಲ ಎಂದು ಒಮ್ಮೆಯಾದರೂ ತೋರಿಸಬೇಕಿತ್ತು. ಎಲ್ಲ ಚೌಕಗಳನ್ನೂ ತುಂಬದ ಚೀಟಿ ಆಸ್ಟ್ರೇಲಿಯಾದಲ್ಲಿ ಅಸಿಂಧು ಎಂದು ಅನು ತಳ್ಳಿಹಾಕಿದಳು. ಬದುಕಿನಲ್ಲಿ ಮೊದಲ ಸಲ ಮೊದಲೇ ನಿಜ ಹೇಳಿದ್ದೆ, ಅದು ನಿಯಮಕ್ಕೆ ಹೊಂದಲಿಲ್ಲ. ಮತ್ತೆ ಪೆನ್ನು ತೆಗೆದುಕೊಂಡು ಎರಡು, ಮೂರು ಬರೆದೆ, ಎಲ್ಲರೂ ಓದುವ ಅಂಕಿಯಲ್ಲಿ. ಅಬುಧಾಬಿ ಗೆದ್ದಿತು. ವೀಣಾ ಕ್ಲಿನಿಕ್ಕಿನ ಕೆಲಸ ಬಿಟ್ಟಳು. ಅಬುಧಾಬಿಯಲ್ಲಿ ಬೇರೆ ಕೆಲಸ ಸಿಗಲು ಅವಳಿಗೆ ಎಂಟು ತಿಂಗಳು ಬೇಕಾಯಿತು. ಚುನಾವಣೆಯಲ್ಲಿ ಸೋತವರು ಎಲ್ಲಿಗೂ ಹೋಗುವುದಿಲ್ಲ, ಅದೇ ಮೇಜಿನಲ್ಲಿ ಊಟಕ್ಕೆ ಕೂರುತ್ತಾರೆ ಎಂಬುದನ್ನು ನಾನು ಆ ಎಂಟು ತಿಂಗಳಲ್ಲಿ ಕಲಿತೆ.

ಈಗ ನಾವಿರುವ ಜಾಗದಲ್ಲಿ ಪಾರ್ಕು ದೂರ, ಕಾರಿಲ್ಲದೆ ಆಗುವುದಿಲ್ಲ. ಸುಧೀರ ಸಂಜೆ ಐದಕ್ಕೆಲ್ಲ ಮನೆಗೆ ಬಂದಿರುತ್ತಾನೆ. ಚಹಾ ಕುಡಿದು, ಪಾರ್ಕಿಗೆ ಬಿಡಲಾ ಮಾವ ಎಂದು ಕೇಳುತ್ತಾನೆ. ಬೇಡ ಮಾರಾಯ, ನಿನಗೆ ದಣಿವಾಗಿರುತ್ತದೆ ಎನ್ನುತ್ತೇನೆ. ಅವನು ಒತ್ತಾಯ ಮಾಡುವುದಿಲ್ಲ. ಕಾರಿನ ಕೀಲಿ ಹಿಡಿದು ಬಾಗಿಲ ಹತ್ತಿರ ಸುಮ್ಮನೆ ನಿಂತು, ನನ್ನ ಎರಡನೆಯ ಉತ್ತರಕ್ಕಾಗಿ ಕಾಯುತ್ತಾನೆ. ಹೆಚ್ಚು ಹೊತ್ತು ಕಾಯಬೇಕಾಗಿಯೂ ಬರುವುದಿಲ್ಲ. ಅವನು ಕೇಳುವ ಮೊದಲೇ ನಾನು ಬೂಟು ಹಾಕಿಕೊಂಡಿರುತ್ತೇನೆ.